ಇಕ್ಕೇರಿಗೆ ಬಂದ ರೋಮಿನ ಯಾತ್ರಿಕ

ರೋಮ್ ನಗರದ ಕಾಪಿಟೋಲಿನ್ ಗುಡ್ಡದ ಮೇಲೆ ಅರಾಚೇಲಿಯ ಮಾತೆ ಮರಿಯಮ್ಮನವರ ದೇವಾಲಯವಿದೆ. ಅದನ್ನು ತಲುಪಲು 124 ಮೆಟ್ಟಿಲುಗಳನ್ನು ಹತ್ತಬೇಕು. ಅಲ್ಲಿನ ಡೆಲ್ಲಾ ವಾಲ್ಲೆ ಮನೆತನದ ಸಮಾಧಿಯಲ್ಲಿ ಬಾಗ್ದಾದಿನಿಂದ ಬಂದ ಕ್ರೈಸ್ತ ಹೆಣ್ಣುಮಗಳೊಬ್ಬಳು ವಿಶ್ರಮಿಸುತ್ತಿದ್ದಾಳೆ. ಆಕೆ ತೀರಿಕೊಂಡದ್ದು ಪರ್ಷಿಯಾದ ಕಡಲ ಸೀಮೆಯಲ್ಲಿ, 1621ರ ಡಿಸೆಂಬರ್ 30ರಂದು. ಸಮಾಧಿ ಸೇರಿದ್ದು ರೋಮಿನಲ್ಲಿ, 1626ರಲ್ಲಿ. ನಡುವಿನ ನಾಲ್ಕು ವರ್ಷಕ್ಕೂ ಮಿಕ್ಕಿ ಆಕೆಯ ಶರೀರವು ಪತಿಯೊಡನೆ ದೇಶದಿಂದ ದೇಶಕ್ಕೆ ಪಯಣಿಸಿತು. ಆ ಪತಿಯೇ ಪಿಯೆತ್ರೊ ಡೆಲ್ಲಾ ವಾಲ್ಲೆ. ಇದೇ ವರ್ಷಗಳಲ್ಲಿ ಆತನು ನಮ್ಮ ಹೊನ್ನಾವರ, ಇಕ್ಕೇರಿ, ಬಸ್ರೂರು, ಮಂಗಳೂರುಗಳನ್ನೂ ಕಂಡು ಬರೆದಿಟ್ಟನು.

ಪಿಯೆತ್ರೊ ಹುಟ್ಟಿದ್ದು 1586ರ ಏಪ್ರಿಲಿನಲ್ಲಿ, ರೋಮಿನ ಶ್ರೀಮಂತ ಕುಲೀನ ಮನೆತನದಲ್ಲಿ. ಕಾವ್ಯ, ಸಂಗೀತ, ಕತ್ತಿವರಸೆ ಎಲ್ಲವೂ ಆತನಿಗೆ ಒಲಿದಿದ್ದವು. ಒಲಿಯದಿದ್ದುದು ಮನಸ್ಸಿಟ್ಟ ಹೆಣ್ಣೊಂದೇ. ಪ್ರೇಮಭಂಗದಿಂದ ನೊಂದು ನೇಪಲ್ಸ್ ನಗರಕ್ಕೆ ಹೋದಾಗ ಅಲ್ಲಿನ ವೈದ್ಯ ಮಿತ್ರ ಮಾರಿಯೊ ಸ್ಕಿಪಾನೊ ಪೂರ್ವದೇಶಗಳ ಪ್ರವಾಸವನ್ನು ಸೂಚಿಸಿದನು. ಪುಣ್ಯಭೂಮಿಯ ಯಾತ್ರೆಯ ಹರಕೆ ಹೊತ್ತ ಪಿಯೆತ್ರೊ, ಅಂದಿನಿಂದ ತನ್ನನ್ನು ಯಾತ್ರಿಕನೆಂದೇ ಕರೆದುಕೊಂಡು, 1614ರ ಜೂನ್ ತಿಂಗಳಲ್ಲಿ ವೆನಿಸ್ಸಿನಿಂದ ಹಡಗು ಹತ್ತಿದನು. ಮರಳಿ ರೋಮಿಗೆ ಕಾಲಿಟ್ಟಾಗ ಹನ್ನೆರಡು ವರ್ಷಗಳು ಕಳೆದುಹೋಗಿದ್ದವು. ದಾರಿಯುದ್ದಕ್ಕೂ ಮಿತ್ರನಿಗೆ ಬರೆದ ಪತ್ರಗಳೇ ಮುಂದೆ ಗ್ರಂಥವಾದವು.

ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತು ತುರ್ಕಿ ಭಾಷೆ ಕಲಿತನು. ಅಲ್ಲಿಯ ಜನ ಬಿಸಿಬಿಸಿಯಾಗಿ ಹೀರುತ್ತಿದ್ದ ಕಪ್ಪು ಪಾನೀಯವೊಂದು ಆತನಿಗೆ ವಿಚಿತ್ರವೆನಿಸಿ, 1615ರಲ್ಲೇ ಅದನ್ನು ಮಿತ್ರನಿಗೆ ವರ್ಣಿಸಿದನು. ಅದು ಕಾಫಿ! ನಮ್ಮ ಮನೆಗಳಲ್ಲಿ ಬೆಳಗಿನ ಪ್ರಾರ್ಥನೆಯಷ್ಟೇ ನಿಷ್ಠೆಯಿಂದ ನಡೆಯುವ ಕಾಫಿ ಸೇವನೆ ಅಂದಿನ ರೋಮಿಗೆ ಹೊಸ ಸುದ್ದಿಯಾಗಿತ್ತು. ಮುಂದೆ ಈಜಿಪ್ಟಿನ ಪಿರಮಿಡ್ಡುಗಳು, ಸೀನಾಯ್ ಬೆಟ್ಟದ ಸಂತ ಕ್ಯಾಥರೀನಳ ಮಠ, 1616ರಲ್ಲಿ ಜೆರುಸಲೇಮಿನ ಪಾಸ್ಖ ಹಬ್ಬ. ಹರಕೆ ತೀರಿತು. ಆದರೆ ಯಾತ್ರಿಕನು ಮನೆಗೆ ಮರಳಲಿಲ್ಲ.

ಬಾಗ್ದಾದಿನಲ್ಲಿ ಹದಿನೆಂಟರ ಆಸುಪಾಸಿನ ಮಾನಿ ಜೊಯೆರಿದಾ ಎಂಬ ಪೌರಸ್ತ್ಯ ಕ್ರೈಸ್ತ ಕನ್ಯೆಯನ್ನು ವರಿಸಿ, ಪರ್ಷಿಯಾಕ್ಕೆ ಹೋಗಿ ಷಾ ಅಬ್ಬಾಸನ ಆಸ್ಥಾನವನ್ನು ಕಂಡನು. ಪರ್ಸೆಪೊಲಿಸ್ ಅರಮನೆಯ ಪಾಳುಗೋಡೆಗಳ ಮೇಲಿದ್ದ ಬೆಣೆಯಾಕಾರದ ಕೆಲವು ಅಕ್ಷರಗಳನ್ನು ನಕಲು ಮಾಡಿಕೊಂಡು, ಅವನ್ನು ಎಡದಿಂದ ಬಲಕ್ಕೆ ಓದಬೇಕೆಂದು ಊಹಿಸಿದನು, ಊಹೆ ಸರಿಯಾಗಿತ್ತು. ಮಾನಿ ಗರ್ಭಿಣಿಯಾದಳು. ಹೊರ್ಮುಜ್ ಕೋಟೆಗಾಗಿ ನಡೆದ ಯುದ್ಧದಿಂದ ಸಮುದ್ರದ ದಾರಿ ಮುಚ್ಚಿ, ದಂಪತಿಗಳು ಮಿನಾಬ್ ಎಂಬ ಜ್ವರಪೀಡಿತ ಊರಿನಲ್ಲಿ ಸಿಲುಕಿದರು. ಅಲ್ಲೇ ಗರ್ಭಪಾತವಾಗಿ ಮಾನಿ ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಆಕೆಯನ್ನು ಒಂಟಿಯಾಗಿ ಬಿಟ್ಟುಹೋಗಲು ಪಿಯೆತ್ರೊನ ಮನಸ್ಸು ಒಪ್ಪಲಿಲ್ಲ. ಶರೀರಕ್ಕೆ ಕರ್ಪೂರ ತುಂಬಿಸಿ, ಪೆಟ್ಟಿಗೆಯಲ್ಲಿರಿಸಿ, ನಾವಿಕರು ಹೆಣವೆಂದರೆ ಹಡಗಿಗೆ ಹತ್ತಿಸರೆಂದು ಬಟ್ಟೆಬರೆಗಳ ನಡುವೆ ಅಡಗಿಸಿ, 1623ರಲ್ಲಿ ಸೂರತ್ ಬಂದರಿಗೆ ಬಂದಿಳಿದನು. ಮಾನಿ ಸಾಕಿದ್ದ ಜಾರ್ಜಿಯಾದ ಅನಾಥ ಬಾಲಕಿ ಮರಿಯುಚ್ಚಾ ಕೂಡ ಜೊತೆಗಿದ್ದಳು.

ಗೋವೆಯ ಪೋರ್ಚುಗೀಸರು ಕೆಳದಿಯ ಅರಸ ವೆಂಕಟಪ್ಪ ನಾಯಕನ ಬಳಿಗೆ ಅದೇ ವರ್ಷದ ಅಕ್ಟೋಬರಿನಲ್ಲಿ ರಾಯಭಾರಿಯನ್ನು ಕಳುಹಿಸಿದರು. ಪಿಯೆತ್ರೊ ಆ ತಂಡವನ್ನು ಸೇರಿಕೊಂಡನು. ರಾಜಕಾರ್ಯವೇನೂ ಆತನಿಗಿರಲಿಲ್ಲ, ನೋಡುವುದೇ ಕಾರ್ಯ. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಸಾಗಿ ಗೇರುಸೊಪ್ಪೆ ಮುಟ್ಟಿದರು. ಕರಿಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ರಾಜಧಾನಿಯದು. ಅರಮನೆ ಬಿದ್ದು, ಅದರ ಮೇಲೆ ಮರಗಳು ಬೆಳೆದು ನಿಂತಿದ್ದವು. ಘಟ್ಟವೇರಿದ ಮೇಲೆ ಹನುಮಂತನ ಗುಡಿಯ ಜಗಲಿಯಲ್ಲಿ ಒಂದು ದೃಶ್ಯವನ್ನು ಕಂಡನು. ಕೆಲವು ಹುಡುಗರು ನೆಲದ ಮೇಲೆ ಸಣ್ಣ ಮರಳು ಹರಡಿ, ರಾಗವಾಗಿ ಲೆಕ್ಕ ಹೇಳುತ್ತಾ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತಿದ್ದರು. ಬಳಿಯಲ್ಲಿ ಗುರುಗಳಿರಲಿಲ್ಲ, ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರು. ಕಾಗದವೂ ಶಾಯಿಯೂ ವೆಚ್ಚವಾಗದ ಈ ಪಾಠಕ್ರಮವನ್ನು ಆತನು ಮನಸಾರೆ ಮೆಚ್ಚಿದನು. ನಮ್ಮ ಹಿರಿಯರ ಮರಳಿನ ಮೇಲಿನ ಅಕ್ಷರಾಭ್ಯಾಸಕ್ಕೆ ಯುರೋಪಿನವನೊಬ್ಬನು ಕಣ್ಣಾರೆ ಕಂಡು ಬರೆದ ಇಂಥ ಸಾಕ್ಷ್ಯ ಅಮೂಲ್ಯವೆಂದು ನಾವು ಭಾವಿಸುತ್ತೇವೆ.

ಜ್ಞಾನಕ್ಕೆ ಇಂದ್ರಿಯಗಳೇ ಹೊಸ್ತಿಲೆಂದು ಸಂತ ತೋಮಸ್ ಅಕ್ವಿನಾಸರ ಪರಂಪರೆ ನಮಗೆ ಕಲಿಸಿದೆ. ಪಿಯೆತ್ರೊ ಆ ಹೊಸ್ತಿಲಿನಲ್ಲಿ ಅವಸರವಿಲ್ಲದೆ ನಿಲ್ಲಬಲ್ಲವನಾಗಿದ್ದನು. ವಿಗ್ರಹಾರಾಧನೆಯ ಬಗ್ಗೆ ಅಂದಿನ ಕ್ರೈಸ್ತರ ಕಟುಮಾತುಗಳು ಆತನಲ್ಲೂ ಉಂಟು. ಅದನ್ನು ನಾವು ಮರೆಮಾಚಬೇಕಾಗಿಲ್ಲ. ಆದರೂ ದಾರಿಯ ದೇಗುಲವೊಂದರ ನಕ್ಷೆಯನ್ನು ಶ್ರದ್ಧೆಯಿಂದ ಬರೆದುಕೊಂಡನು. ಇಕ್ಕೇರಿಯ ಅಘೋರೇಶ್ವರನನ್ನೂ, ನಗರದ ಸುತ್ತಲಿನ ಬಿದಿರಿನ ಬೇಲಿಗಳನ್ನೂ, ಹೆಣ್ಣುಮಕ್ಕಳ ಕೋಲಾಟವನ್ನೂ ಕೂಲಂಕಷವಾಗಿ ವರ್ಣಿಸಿದನು.

ಇಕ್ಕೇರಿಯಲ್ಲಿಯೇ, 1623ರ ನವೆಂಬರಿನಲ್ಲಿ, ಆತನ ಬಾಳಿನ ಅತ್ಯಂತ ಕಠಿಣ ಭೇಟಿಯೊಂದು ನಡೆಯಿತು. ನಗಾರಿ ಬಾರಿಸುತ್ತಿದ್ದವನೊಬ್ಬನು ಸತ್ತಿದ್ದನು. ಆತನ ಪತ್ನಿ ಜಕ್ಕಮ್ಮ, ತೆಲುಗು ನಾಡಿನವಳು, ಸಹಗಮನಕ್ಕೆ ಸಿದ್ಧಳಾಗಿದ್ದಳು. ಪಿಯೆತ್ರೊ ಆಕೆಯ ಮನೆಗೇ ಹೋದನು. ಬಿಳಿಯ ಸೀರೆಯುಟ್ಟು, ಹೂ ಮುಡಿದು, ವಾದ್ಯಗಾರರ ನಡುವೆ ನಿಂತಿದ್ದ ಆಕೆ ನಗುನಗುತ್ತಲೇ ಮಾತನಾಡಿದಳು. ಏಕೆ ಸಾಯಬೇಕು, ಎಳೆಯ ಮಗನನ್ನು ಯಾರಿಗೆ ಒಪ್ಪಿಸಿ ಹೋಗುವೆ ಎಂದು ದುಭಾಷಿಯ ಮೂಲಕ ಆತನು ಕೇಳಿದನು. ಮಗುವನ್ನು ಬಂಧುಗಳು ನೋಡಿಕೊಳ್ಳುವರು, ತನ್ನನ್ನು ಯಾರೂ ಬಲವಂತಪಡಿಸಿಲ್ಲ, ಇದು ತನ್ನದೇ ಇಚ್ಛೆಯೆಂದು ಆಕೆ ಉತ್ತರಿಸಿದಳು. ತನ್ನಿಂದಾದಷ್ಟು ಬೇಡಿಕೊಂಡನು, ಆಕೆಯ ನಿರ್ಧಾರ ಕದಲಲಿಲ್ಲ. ಕೊನೆಗೆ, ನಿನ್ನ ಹೆಸರು ನನ್ನ ದೇಶದಲ್ಲಿ ಅಳಿಯದಂತೆ ನೋಡಿಕೊಳ್ಳುವೆನೆಂದು ಮಾತು ಕೊಟ್ಟು ಹೊರಟನು.

ಸತ್ತ ಮಡದಿಯನ್ನು ಮಣ್ಣಿಗೂ ಒಪ್ಪಿಸಲಾರದೆ ಹೊತ್ತು ತಿರುಗುತ್ತಿದ್ದವನು, ಸತ್ತ ಗಂಡನನ್ನು ಅಗಲಿ ಬಾಳಲೊಪ್ಪದವಳ ಮುಂದೆ ನಿಂತು ಬದುಕಿನ ಪರವಾಗಿ ವಾದಿಸಿದನು. ಆ ವಾದದಲ್ಲಿ ನಾವು ಸಂಪೂರ್ಣವಾಗಿ ಪಿಯೆತ್ರೊನ ಪಕ್ಷದವರು. ಬಲವಂತವಿಲ್ಲವೆಂಬ ಮಾತು ಬಾಯಿಂದ ಬಂದ ಮಾತ್ರಕ್ಕೆ ಇಚ್ಛೆಯು ಸ್ವತಂತ್ರವಾಗಿತ್ತೆಂದು ತತ್ವಶಾಸ್ತ್ರವೂ ಒಪ್ಪದು. ಊರಿಗೆ ಊರೇ ವಾದ್ಯ ನುಡಿಸುತ್ತಿರುವಾಗ ಒಬ್ಬ ವಿಧವೆ ಬೇರೇನನ್ನು ಇಚ್ಛಿಸಬಲ್ಲಳು? ಆದರೆ ಆಕೆಯ ಮನೆಬಾಗಿಲಿಗೆ ಹೋಗಿ, ಮಗುವಿನ ಮಾತೆತ್ತಿ, ಹೆಸರನ್ನು ಕೇಳಿ ಬರೆದುಕೊಂಡವನು ಆ ಪರದೇಶಿ.

ಇಕ್ಕೇರಿಯಿಂದ ಘಟ್ಟವಿಳಿದು ಬಸ್ರೂರಿನ ಮಾರ್ಗವಾಗಿ ಮಂಗಳೂರಿಗೆ ಬಂದನು. ಇಲ್ಲಿ ಪೋರ್ಚುಗೀಸರ ಚಿಕ್ಕ ಕೋಟೆಯನ್ನೂ, ಅಂದಿದ್ದ ಮೂರು ಇಗರ್ಜಿಗಳನ್ನೂ ಗುರುತಿಸಿದ್ದಾನೆ. ಡಿಸೆಂಬರಿನಲ್ಲಿ ಕದ್ರಿಯ ಗುಡ್ಡ ಹತ್ತಿ ಜೋಗಿಗಳ ಅರಸನನ್ನು ಕಂಡನು. ಉಳ್ಳಾಲದ ರಾಣಿ ಅಬ್ಬಕ್ಕದೇವಿಯನ್ನು ಕಾಣಲು ಮಳಲಿಯ ಬಳಿಯ ಮಣೇಲಿಗೆ ಹೋದಾಗ, ಆಕೆ ಬರಿಗಾಲಿನಲ್ಲಿ ನಡೆದು ಕಾಲುವೆ ಕೆಲಸದ ಮೇಲ್ವಿಚಾರಣೆಗೆ ಹೊರಟಿದ್ದಳು. ಉಡುಪಿನಲ್ಲಿ ಅಡುಗೆಯವಳಂತೆ ಕಂಡರೂ ಮಾತು ರಾಣಿಯದೇ ಎಂದು ಆತನಿಗೆ ತಕ್ಷಣ ತಿಳಿಯಿತು. ಆಕೆಯ ಮಗನ ಮನೆಯಲ್ಲಿ ಊಟವಾಯಿತು. ಎಲೆಯ ಮೇಲೆ ಅನ್ನ ಬಡಿಸಿದಾಗ ಕೈಯಿಂದ ಉಣ್ಣಲು ಬಾರದೆ ಚಮಚ, ಮುಳ್ಳುಚಮಚಗಳನ್ನು ಬಳಸಿದ್ದು ಅಲ್ಲಿದ್ದವರಿಗೆಲ್ಲ ಸೋಜಿಗವಾಯಿತು. ಇಷ್ಟು ದೇಶ ಸುತ್ತಿ ಇಷ್ಟು ಭಾಷೆ ಕಲಿತವನಿಗೆ ಅನ್ನ ಕಲಸುವ ವಿದ್ಯೆಯೊಂದು ಸಿದ್ಧಿಸಲಿಲ್ಲ!

ಮರಳಿ ಗೋವೆಗೆ ಹೋಗಿ, 1622ರಲ್ಲಿ ಸಂತಪದವಿಗೇರಿದ್ದ ಇಗ್ನೇಷಿಯಸ್ ಮತ್ತು ಫ್ರಾನ್ಸಿಸ್ ಝೇವಿಯರರ ಗೌರವಾರ್ಥ 1624ರಲ್ಲಿ ನಡೆದ ಉತ್ಸವಗಳನ್ನು ನೋಡಿದನು. ಬಳಿಕ ಮಸ್ಕತ್, ಬಸ್ರಾ, ಮರಳುಗಾಡು, ಅಲೆಪ್ಪೊ. 1626ರ ಮಾರ್ಚ್ ತಿಂಗಳಲ್ಲಿ ರೋಮ್ ಮುಟ್ಟಿ, ಮಾನಿಯನ್ನು ಅರಾಚೇಲಿಯಲ್ಲಿ ಸಮಾಧಿ ಮಾಡಿದನು. ಮರುವರ್ಷ ನಡೆದ ವೈಭವದ ಸ್ಮರಣೆಯಲ್ಲಿ ತಾನೇ ಭಾಷಣ ಮಾಡಲು ನಿಂತು, ಕಣ್ಣೀರಿನಿಂದ ಮಾತು ಕಟ್ಟಿತು. ಪೋಪ್ ಎಂಟನೆಯ ಅರ್ಬನರು ಆತನನ್ನು ತಮ್ಮ ಅರಮನೆಯ ಗೌರವ ಪರಿಚಾರಕನನ್ನಾಗಿ ನೇಮಿಸಿದರು. ಮರಿಯುಚ್ಚಾಳನ್ನು ವಿವಾಹವಾಗಿ ಹದಿನಾಲ್ಕು ಮಕ್ಕಳನ್ನು ಪಡೆದನು. ಆತನು ಸಂತನೇನಲ್ಲ: 1636ರಲ್ಲಿ ಜಗಳವೊಂದರಲ್ಲಿ ಸಿಟ್ಟಿಗೆದ್ದು ಸಾರೋಟಿನ ಸಾರಥಿಯೊಬ್ಬನನ್ನು ಕೊಂದು, ಕ್ಷಮೆ ದೊರೆಯುವವರೆಗೆ ರೋಮಿನಿಂದ ದೂರವಿರಬೇಕಾಯಿತು.

1652ರ ಏಪ್ರಿಲ್ 21ರಂದು ನಿಧನನಾದ ಪಿಯೆತ್ರೊನನ್ನು ಮಾನಿಯ ಸಮಾಧಿಯಲ್ಲೇ ಇರಿಸಿದರು. ತುರ್ಕಿಯ ಪತ್ರಗಳ ಸಂಪುಟ 1650ರಲ್ಲಿ, ಆತನು ಬದುಕಿರುವಾಗಲೇ ಅಚ್ಚಾಗಿತ್ತು. ಭಾರತದ ಪತ್ರಗಳು ಹೊರಬಂದದ್ದು 1663ರಲ್ಲಿ. ಜಕ್ಕಮ್ಮನ ಹೆಸರು ಅದರಲ್ಲಿದೆ.