ಕಾರ್ಮಿಕಬಂಧು ವಾಡಿಯಾ

ನ್ಯಾಯಾಲಯದ ಬಾಗಿಲು ಬಡವನಿಗೂ ಬಲ್ಲಿದನಿಗೂ ಸಮಾನವಾಗಿ ತೆರೆದಿರುತ್ತದೆ. ಆದರೆ ವ್ಯಾಜ್ಯದ ಖರ್ಚನ್ನು ಹೊರುವ ಶಕ್ತಿ ಇಬ್ಬರಿಗೂ ಸಮಾನವಾಗಿರುವುದಿಲ್ಲ. ಭಾರತದ ಕಾರ್ಮಿಕ ಚಳವಳಿಯ ಆರಂಭದಲ್ಲಿಯೇ ಈ ಕಟುಸತ್ಯವನ್ನು ಅನುಭವಿಸಿದವರು ಬಹಮನ್ ಪೆಸ್ತೊನ್‌ಜಿ ವಾಡಿಯಾ.

1881ರ ಅಕ್ಟೋಬರ್ 8ರಂದು ಮುಂಬಯಿಯ ಪಾರ್ಸಿ ಮನೆತನವೊಂದರಲ್ಲಿ ವಾಡಿಯಾ ಜನಿಸಿದರು. ತಾರುಣ್ಯದಲ್ಲಿಯೇ ಥಿಯಾಸಫಿಯ ಕಡೆಗೆ ಒಲಿದು, ಮದರಾಸಿನ ಅಡಿಯಾರಿನಲ್ಲಿ ನೆಲೆಸಿದರು. ಆನಿ ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ದುಡಿದರು. ಹೋಂರೂಲ್ ಚಳವಳಿಯಲ್ಲಿ ಭಾಗವಹಿಸಿದ್ದಕ್ಕಾಗಿ 1917ರಲ್ಲಿ ಬೆಸೆಂಟರೊಡನೆ ಸರ್ಕಾರದ ನಿರ್ಬಂಧಕ್ಕೆ ಗುರಿಯಾದರು.

ಆ ಕಾಲದಲ್ಲಿ ಮದರಾಸಿನ ಪೆರಂಬೂರಿನಲ್ಲಿ ಬಿನ್ನಿ ಕಂಪನಿಗೆ ಸೇರಿದ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಬಟ್ಟೆ ಗಿರಣಿಗಳಿದ್ದವು. ಅಲ್ಲಿಯ ಕೂಲಿಕಾರರ ದುಡಿಮೆಯ ಹೊತ್ತು ದೀರ್ಘ. ಊಟದ ಬಿಡುವು ಅತ್ಯಲ್ಪ. ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜುಲು ನಾಯ್ಡು ಎಂಬ ವರ್ತಕರು ಇವರ ಕಷ್ಟವನ್ನು ವಾಡಿಯಾ ಅವರಿಗೆ ಅರುಹಿದರು. 1918ರ ಏಪ್ರಿಲ್ 27ರಂದು ‘ಮದರಾಸ್ ಲೇಬರ್ ಯೂನಿಯನ್’ ಜನ್ಮ ತಾಳಿತು. ವಾಡಿಯಾ ಅದರ ಅಧ್ಯಕ್ಷರಾದರು.

1920ರ ಕೊನೆಯಲ್ಲಿ ಗಿರಣಿಯಲ್ಲಿ ವಿವಾದವು ಉಲ್ಬಣಿಸಿತು. ಕೆಲಸಗಾರರು ಕರಾರು ಮುರಿಯುವಂತೆ ಪ್ರೇರೇಪಿಸಿದರೆಂದು ಕಂಪನಿಯವರು ವಾಡಿಯಾ ಮತ್ತು ಅವರ ಸಂಗಡಿಗರ ಮೇಲೆ ಮದರಾಸಿನ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ನ್ಯಾಯಾಲಯವು ತಡೆಯಾಜ್ಞೆ ನೀಡಿತು. ನಷ್ಟಪರಿಹಾರ ಮತ್ತು ದಾವೆಯ ಖರ್ಚುಗಳ ಭಾರವು ನಾಯಕರ ತಲೆಯ ಮೇಲೆ ತೂಗತೊಡಗಿತು. ದಿನಗೂಲಿಯಿಂದ ಹೊಟ್ಟೆ ಹೊರೆಯುವವರ ಸಂಘಕ್ಕೆ ಆ ಭಾರವನ್ನು ಹೊರುವ ತ್ರಾಣವೆಲ್ಲಿಯದು?

ಇಂತಹ ಸಂಕಟ ಇಂಗ್ಲೆಂಡಿಗೂ ಹೊಸದಾಗಿರಲಿಲ್ಲ. 1901ರ ಟ್ಯಾಫ್‌ವೇಲ್ ತೀರ್ಪಿನ ಫಲವಾಗಿ ಅಲ್ಲಿಯ ರೈಲ್ವೆ ನೌಕರರ ಸಂಘವು ಮುಷ್ಕರದ ನಷ್ಟವನ್ನೂ ವ್ಯಾಜ್ಯದ ಖರ್ಚನ್ನೂ ತೆರಬೇಕಾಯಿತು. ಆದರೆ 1906ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕಾನೂನು ಮಾಡಿ ಕಾರ್ಮಿಕ ಸಂಘಗಳಿಗೆ ರಕ್ಷಣೆ ಒದಗಿಸಿತು. ಭಾರತದಲ್ಲಿ ಅಂತಹ ಕಾನೂನು ಇರಲಿಲ್ಲ.

ಕಡೆಗೆ ರಾಜಿಯಾಯಿತು. ವಾಡಿಯಾ ಕಾರ್ಮಿಕ ಚಳವಳಿಯ ಸಂಬಂಧವನ್ನು ತ್ಯಜಿಸಬೇಕೆಂಬುದು ಅದರ ಷರತ್ತು. ತಾವೇ ಕಟ್ಟಿ ಬೆಳೆಸಿದ ಸಂಘದಿಂದ ಅವರು ದೂರ ಸರಿದರು. ದುಡಿಯುವವರ ಪಾಲಿಗೆ ಇದು ದೊಡ್ಡ ಪೆಟ್ಟು.

ಆದರೆ ಆ ಪೆಟ್ಟು ದೇಶದ ಕಣ್ಣು ತೆರೆಯಿಸಿತು. 1921ರಲ್ಲಿ ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕ ಸಂಘಗಳ ರಕ್ಷಣೆಗೆ ಕಾನೂನು ಬೇಕೆಂಬ ನಿರ್ಣಯವನ್ನು ಮಂಡಿಸಿದರು. ಐದು ವರ್ಷಗಳ ತರುವಾಯ, 1926ರಲ್ಲಿ, ಕಾರ್ಮಿಕ ಸಂಘಗಳ ಅಧಿನಿಯಮವು ರೂಪುಗೊಂಡಿತು. ಔದ್ಯೋಗಿಕ ವಿವಾದದಲ್ಲಿ ಕೆಲಸದ ಕರಾರು ಮುರಿಯಲು ಪ್ರೇರೇಪಿಸಿದರೆಂಬ ಒಂದೇ ಕಾರಣಕ್ಕೆ ನೋಂದಾಯಿತ ಸಂಘದ ಮೇಲಾಗಲಿ, ಅದರ ಪದಾಧಿಕಾರಿಗಳ ಮೇಲಾಗಲಿ ದಾವೆ ನಡೆಯದಂತೆ ಅದು ಕಾಪಾಡಿತು. ಸಂಘದ ಹಕ್ಕುಗಳ ರಕ್ಷಣೆಗಾಗಿ ನಡೆಸುವ ವ್ಯಾಜ್ಯದ ಖರ್ಚನ್ನು ಸಂಘದ ನಿಧಿಯಿಂದಲೇ ಭರಿಸಲು ಅವಕಾಶ ಕೊಟ್ಟಿತು. ಒಬ್ಬನ ಹೆಗಲು ಹೊರಲಾರದ ಹೊರೆಯನ್ನು ಹಲವರು ಹಂಚಿಕೊಳ್ಳುವ ದಾರಿ ಹೀಗೆ ತೆರೆಯಿತು.

ವಾಡಿಯಾ ತಮ್ಮ ಉಳಿದ ಆಯುಷ್ಯವನ್ನು ಧರ್ಮಚಿಂತನೆ ಹಾಗೂ ಸಂಸ್ಕೃತಿಯ ಸೇವೆಗೆ ಮುಡಿಪಾಗಿಟ್ಟರು. 1945ರಲ್ಲಿ ಪತ್ನಿ ಸೋಫಿಯಾ ವಾಡಿಯಾ ಅವರೊಡನೆ ಬೆಂಗಳೂರಿನ ಬಸವನಗುಡಿಯಲ್ಲಿ ಸಂಸ್ಕೃತಿ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಅದೇ ಮುಂದೆ ‘ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್’ ಎಂದು ಹೆಸರಾಯಿತು. 1958ರ ಆಗಸ್ಟ್ 20ರಂದು ವಾಡಿಯಾ ಬೆಂಗಳೂರಿನಲ್ಲಿ ನಿಧನರಾದರು. ಅವರು ಹಿಂದೆ ಸರಿದರೂ ಅವರು ಎತ್ತಿದ ಪ್ರಶ್ನೆ ಹಿಂದೆ ಸರಿಯಲಿಲ್ಲ. ಕಾನೂನೇ ಅದಕ್ಕೆ ಉತ್ತರ ಕೊಡಬೇಕಾಯಿತು.