ಕೆನೆತ್ ಆಂಡರ್ಸನ್ (1910–1974): ಬೇಟೆಗಾರರು, ಅರಣ್ಯಪ್ರೇಮಿ

ಶ್ರೀ ಕೆನೆತ್ ಆಂಡರ್ಸನ್‌ರವರು 1910ರ ಮಾರ್ಚ್ 8ರಂದು ಸಿಕಂದರಾಬಾದ್ ಸಮೀಪದ ಬೊಲಾರಂನಲ್ಲಿ ಜನಿಸಿದರು. ಬೆಂಗಳೂರಿನಲ್ಲಿ ವಿದ್ಯಾಭ್ಯಾಸ ಪೂರೈಸಿ, ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಸೇವೆ ಸಲ್ಲಿಸಿದರು. ನರಭಕ್ಷಕ ಹುಲಿ, ಚಿರತೆಗಳ ಬೇಟೆಗಾರರೆಂದು ಪ್ರಸಿದ್ಧರಾದ ಇವರ ಮೊದಲ ಕೃತಿ 1954ರಲ್ಲಿ ಪ್ರಕಟವಾಯಿತು. ಶಿವಮೊಗ್ಗ ಜಿಲ್ಲೆಯ ಚೋರಡಿ, ಬೆಳ್ಳಂದೂರು ಕಾಡುಗಳು ಇವರ ಬರಹಗಳಲ್ಲಿ ಚಿತ್ರಿತವಾಗಿವೆ. ಶ್ರೀ ಪೂರ್ಣಚಂದ್ರ ತೇಜಸ್ವಿಯವರು ಇವರ ಅನುಭವಗಳನ್ನು ‘ಕಾಡಿನ ಕತೆಗಳು’ ಮಾಲೆಯ ಮೂಲಕ ಕನ್ನಡಿಗರಿಗೆ ಪರಿಚಯಿಸಿದರು.

ಬೇಜವಾಬ್ದಾರಿ ಬೇಟೆಗಾರರ ಗುಂಡಿನಿಂದ ಗಾಯಗೊಂಡ ಮೃಗಗಳು ಹಲವು ಬಾರಿ ನರಭಕ್ಷಕಗಳಾಗುತ್ತವೆ ಎಂಬುದನ್ನು ಇವರು ಸ್ವಾನುಭವದಿಂದ ಅರಿತಿದ್ದರು. ಮುಂದೆ ಕೋವಿಗಿಂತ ಕ್ಯಾಮೆರಾವನ್ನೇ ಮೆಚ್ಚಿ, ಕಾಡು ಮತ್ತು ವನ್ಯಜೀವಿಗಳ ಉಳಿವಿಗಾಗಿ ಬರೆದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತು. 1974ರ ಆಗಸ್ಟ್ 30ರಂದು ಇವರು ಬೆಂಗಳೂರಿನಲ್ಲಿ ನಿಧನರಾದರು. 1951ರಲ್ಲಿ ಘೋಷಿತವಾಗಿದ್ದ ಜಾಗರ ಕಣಿವೆ ಅಭಯಾರಣ್ಯವು ಅದೇ ವರ್ಷ ಭದ್ರಾ ವನ್ಯಜೀವಿ ಧಾಮವೆಂದು ವಿಸ್ತರಣೆಗೊಂಡಿತು.

ಆ ಕಾಡಿನ ಮೂಲಕ ಹರಿದು ಬರುವ ಭದ್ರೆಯೇ ಭದ್ರಾವತಿಯ ಓಲ್ಡ್ ಟೌನ್ ಬದಿಯಲ್ಲಿ ಸಾಗುತ್ತಾಳೆ. ಕಾಡಿನಲ್ಲಿ ಎಸೆದ ಕಸ ಮಳೆಗಾಲದಲ್ಲಿ ಹೊಳೆ ಸೇರುತ್ತದೆ. ಆದುದರಿಂದ ಅರಣ್ಯ ಪ್ರವೇಶಕ್ಕೆ ಅನುಮತಿ ಪಡೆಯುವ ನಾಗರಿಕರು ತಾವು ಒಯ್ದ ಪ್ಲಾಸ್ಟಿಕ್, ಬಾಟಲಿಗಳನ್ನು ಮರಳಿ ತರತಕ್ಕದ್ದು. ಅರಣ್ಯವು ಸಾರ್ವಜನಿಕರ ಆಸ್ತಿ. ಅದರ ಬಾಗಿಲು ಮುಂದಿನವರಿಗೂ ತೆರೆದಿರಬೇಕಾದರೆ ಇಂದು ಹೋಗುವವರು ಅದನ್ನು ಸ್ವಚ್ಛವಾಗಿ ಬಿಟ್ಟು ಬರುವುದು ಅವಶ್ಯಕ.