ಕೀಲಿಯ ಜಲಯಂತ್ರ

ಪೆಟ್ರೋಲಿನ ಬೆಲೆ ಏರಿದಾಗಲೆಲ್ಲ ನೀರಿನಿಂದ ಓಡುವ ಕಾರಿನ ಸುದ್ದಿಯೊಂದು ಎಲ್ಲಿಂದಲೋ ಹೊರಡುತ್ತದೆ. ನಂಬಬೇಕೋ ಬಿಡಬೇಕೋ ತಿಳಿಯದೆ ತೊಳಲುವವರು ಜಾನ್ ವೊರೆಲ್ ಕೀಲಿಯ ಚರಿತ್ರೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಜರ್ಮನಿಯ ಬೆಂಜ್ ಮಹಾಶಯನು ತನ್ನ ಮೋಟಾರು ಗಾಡಿಯನ್ನು 1886ರಲ್ಲಿ ಹೊರತರುವುದಕ್ಕೆ ಹನ್ನೆರಡು ವರ್ಷ ಮುಂಚೆಯೇ ನೀರಿನ ಬಲವನ್ನು ಮಾರಿ ಧನ ಗಳಿಸಿದವನು ಈತ. ಹೆಸರು ನಮ್ಮ ಕನ್ನಡದ ಕೀಲಿಯಂತೆಯೇ ಕೇಳಿಸುತ್ತದೆ. ಆದರೆ ಆತನು ಹಾಕಿದ ಬೀಗವನ್ನು ತೆರೆದು ನೋಡಲು ಲೋಕಕ್ಕೆ ಕಾಲು ಶತಮಾನವೇ ಹಿಡಿಯಿತು.

ಕೀಲಿಯು ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದವನು. ಫಿಲಡೆಲ್ಫಿಯಾ ನಗರದಲ್ಲಿ ಬಡಗಿಯಾಗಿ, ಯಂತ್ರದ ಕೆಲಸಗಾರನಾಗಿ ಹೊಟ್ಟೆ ಹೊರೆದುಕೊಂಡನು. ನಾಟಕ ಮಂಡಲಿಯ ವಾದ್ಯಮೇಳದಲ್ಲಿಯೂ ಕೆಲಕಾಲ ಇದ್ದನು. ಶಾಸ್ತ್ರೀಯವಾದ ವಿದ್ಯಾಭ್ಯಾಸವೇನೂ ಇರಲಿಲ್ಲ. ಆದರೆ ಕೈಯಲ್ಲಿ ಕೆಲಸವಿತ್ತು, ನಾಲಗೆಯಲ್ಲಿ ಮಾತಿತ್ತು. 1872ರಲ್ಲಿ ತಾನೊಂದು ಹೊಸ ಶಕ್ತಿಯನ್ನು ಕಂಡುಹಿಡಿದಿರುವುದಾಗಿ ಸಾರಿದನು. ನ್ಯೂಯಾರ್ಕಿನ ಧನಿಕರು ಕೂಡಿ ಕೀಲಿ ಮೋಟಾರ್ ಕಂಪನಿಯನ್ನು ಕಟ್ಟಿ ಷೇರುಗಳನ್ನು ಮಾರಿದರು.

1874ರ ನವೆಂಬರಿನಲ್ಲಿ ಆಮಂತ್ರಿತರ ಎದುರಿಗೆ ಪ್ರಯೋಗ ನಡೆಯಿತು. ಕೊಳವೆ, ಗೋಳ, ಕವಾಟಗಳಿಂದ ತುಂಬಿದ ಯಂತ್ರವೊಂದರ ಮೂತಿಗೆ ಬಾಯಿಟ್ಟು ಕೀಲಿಯು ಅರ್ಧ ನಿಮಿಷ ಊದಿದನು. ಬಳಿಕ ಅದೇ ಮೂತಿಯಿಂದ ಐದು ಗ್ಯಾಲನ್ ನೀರು ಹೊಯ್ದನು. ಬೆಂಕಿಯಿಲ್ಲ, ಹೊಗೆಯಿಲ್ಲ, ಆದರೂ ಮಾಪಕದ ಮುಳ್ಳು ಚದರ ಅಂಗುಲಕ್ಕೆ 10,000 ಪೌಂಡಿನ ಒತ್ತಡವನ್ನು ತೋರಿಸಿತು. ದಪ್ಪ ಹಗ್ಗಗಳು ಹರಿದವು, ಕಬ್ಬಿಣದ ಸಲಾಕೆಗಳು ಬಾಗಿದವು. ನೀರು ಒಡೆದು ಅತಿಸೂಕ್ಷ್ಮವಾದ ಆವಿಯಾಗಿದೆಯೆಂದು ಆತನು ವಿವರಿಸಿದನು. ಕಾಲು ಗ್ಯಾಲನ್ ನೀರಿದ್ದರೆ ಫಿಲಡೆಲ್ಫಿಯಾದಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ರೈಲನ್ನೇ ಓಡಿಸಬಹುದೆಂದನು. ಕಲ್ಲಿದ್ದಲಿನ ಖರ್ಚು ಭರಿಸುತ್ತಿದ್ದ ಕಾಲದವರಿಗೆ ಆ ಮಾತು ಎಷ್ಟು ಇಂಪಾಗಿ ಕೇಳಿಸಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಆದರೆ ನೀರೆಂದರೆ ಏನೆಂಬುದು ಆಗ ಅಜ್ಞಾತವಾಗಿರಲಿಲ್ಲ. ಜಲಜನಕವು ಉರಿದರೆ ನೀರಾಗುತ್ತದೆಂದು 1780ರ ದಶಕದಲ್ಲಿಯೇ ಇಂಗ್ಲೆಂಡಿನ ಕ್ಯಾವೆಂಡಿಷ್, ಫ್ರಾನ್ಸಿನ ಲವಾಸಿಯೆ ತೋರಿಸಿಕೊಟ್ಟಿದ್ದರು. ಅಂದರೆ ನೀರು ಸೌದೆಯಲ್ಲ, ಬೂದಿ. ಒಲೆಯ ಬೂದಿಯನ್ನು ಮತ್ತೆ ಒಲೆಗೆ ಹಾಕಿ ಯಾರೂ ಅನ್ನ ಬೇಯಿಸಲಾರರು. ಒಂದು ಲೀಟರು ನೀರನ್ನು ಮರಳಿ ಜಲಜನಕ, ಆಮ್ಲಜನಕಗಳಾಗಿ ಬೇರ್ಪಡಿಸಲು ಕಡಿಮೆಯೆಂದರೂ ಸುಮಾರು 4.4 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿಯನ್ನು ತೆರಬೇಕು. ಅವನ್ನು ಕೂಡಿಸಿ ಉರಿಸಿದಾಗ ಅಷ್ಟೇ ಹಿಂದಿರುಗುತ್ತದೆ, ಒಂದು ಗುಂಜಿಯೂ ಹೆಚ್ಚಿಲ್ಲ. ಎಂಜಿನ್ನಿನಲ್ಲಿ ಪೋಲಾಗುವ ಪಾಲನ್ನು ಕಳೆದರೆ ನಷ್ಟವೇ ಉಳಿಯುವುದು. ಜಲಜನಕದಿಂದ ಓಡುವ ಕಾರುಗಳು ಈಗ ಇವೆ, ಅವುಗಳ ಹಿಂಬದಿಯಿಂದ ನೀರು ತೊಟ್ಟಿಕ್ಕುವುದೂ ನಿಜ. ಆದರೆ ಆ ಜಲಜನಕವನ್ನು ಬೇರೆಲ್ಲೋ ಶಕ್ತಿ ವ್ಯಯಿಸಿ ತಯಾರಿಸಿರುತ್ತಾರೆ. ಅಮೆರಿಕದ ಒಹಾಯೊ ಪ್ರಾಂತದ ಸ್ಟ್ಯಾನ್ಲಿ ಮೇಯರ್ ಎಂಬಾತನೂ ನೀರಿನ ಕಾರನ್ನು ತೋರಿಸಿ ಹಣ ಪಡೆದಿದ್ದನು. 1996ರಲ್ಲಿ ಅಲ್ಲಿನ ನ್ಯಾಯಾಲಯವು ಅದನ್ನು ವಂಚನೆಯೆಂದು ನಿರ್ಣಯಿಸಿ, ಇಬ್ಬರು ಹೂಡಿಕೆದಾರರಿಗೆ 25,000 ಡಾಲರನ್ನು ಹಿಂದಿರುಗಿಸಬೇಕೆಂದು ವಿಧಿಸಿತು.

ಕೀಲಿಯ ಮಾತಿಗೆ ಹಿಂದಿರುಗೋಣ. ವರ್ಷಗಳು ಉರುಳಿದರೂ ಮಾರಾಟಕ್ಕೆ ಯೋಗ್ಯವಾದ ಒಂದು ಯಂತ್ರವೂ ಹೊರಬರಲಿಲ್ಲ. ಷೇರುದಾರರ ತಾಳ್ಮೆ ಮುಗಿಯಿತು. ಆಗ ಕೈಹಿಡಿದವಳು ಕ್ಲಾರಾ ಬ್ಲೂಮ್‌ಫೀಲ್ಡ್ ಮೂರ್. ಕಾಗದದ ವ್ಯಾಪಾರಿಯ ವಿಧವೆ, ಗ್ರಂಥಕರ್ತ್ರಿ, ಸಿರಿವಂತೆ. ಲಾಭದ ಆಸೆಗಿಂತ ಲೋಕೋಪಕಾರದ ಭಾವನೆಯೇ ಆಕೆಯಲ್ಲಿ ಹೆಚ್ಚಾಗಿತ್ತೆಂದು ನನಗೆ ತೋರುತ್ತದೆ. ಕೀಲಿಯು ಈಗ ನೀರಿನ ಮಾತನ್ನು ಮೆಲ್ಲನೆ ಬಿಟ್ಟು ಆಕಾಶತತ್ತ್ವ, ಸ್ವರಕಂಪನಗಳ ಮಾತನ್ನು ಹಿಡಿದಿದ್ದನು. ಆ ಧ್ವನಿ ಥಿಯಾಸಫಿಸ್ಟರ ಕಿವಿಯವರೆಗೂ ಮುಟ್ಟಿತು. ಮದರಾಸಿನ ಅಡ್ಯಾರಿನಲ್ಲಿ ತಮ್ಮ ಸೊಸೈಟಿಯನ್ನು ನೆಲೆಗೊಳಿಸಿದ ಬ್ಲವಾಟ್‌ಸ್ಕಿ ಮೇಡಂ 1888ರ ತಮ್ಮ ಮಹಾಗ್ರಂಥದಲ್ಲಿ ಕೀಲಿಗಾಗಿ ಕೆಲವು ಪುಟಗಳನ್ನು ಮೀಸಲಿಟ್ಟರು. ಅದೇ ವರ್ಷ, ಯಂತ್ರದ ರಹಸ್ಯವನ್ನು ತಜ್ಞರಿಗೆ ತಿಳಿಸೆಂಬ ನ್ಯಾಯಾಲಯದ ಆಜ್ಞೆಯನ್ನು ಮೀರಿದ್ದಕ್ಕಾಗಿ ಕೀಲಿಯು ಕೆಲವು ದಿನ ಸೆರೆಮನೆಯಲ್ಲಿಯೂ ಇದ್ದು ಬಂದನು.

ಆತನ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುತ್ತಿದ್ದುದು ತೆಳ್ಳನೆಯ ತಂತಿಗಳು. ಅವು ಗಟ್ಟಿ ಲೋಹದವೆಂದು ಕೀಲಿಯು ಹೇಳುತ್ತಿದ್ದನು. ಒಳಗೆ ಟೊಳ್ಳೆಂದು ಪರೀಕ್ಷಕರಿಗೆ ಸಂಶಯ. ಕತ್ತರಿಸಿ ನೋಡೋಣವೆಂದರೆ ಆತನು ಒಪ್ಪಲಿಲ್ಲ. ಆ ಬಳಿಕ ಕ್ಲಾರಾಳ ವಿಶ್ವಾಸವೂ ಸಡಿಲವಾಯಿತು.

1898ರ ನವೆಂಬರ್ 18ರಂದು ಕೀಲಿಯು ನ್ಯುಮೋನಿಯದಿಂದ ತೀರಿಕೊಂಡನು. ಕ್ಲಾರಾಳ ಮಗ ಕ್ಲಾರೆನ್ಸ್ ಮೂರ್ ಮೊದಲಿನಿಂದಲೂ ಇದನ್ನು ವಂಚನೆಯೆಂದೇ ನಂಬಿದ್ದವನು. ವೃತ್ತಿಯಿಂದ ಪುರಾತತ್ತ್ವಜ್ಞ, ಅಮೆರಿಕದ ಮೂಲನಿವಾಸಿಗಳ ಮಣ್ಣಿನ ದಿಬ್ಬಗಳನ್ನು ಅಗೆದು ಹೆಸರು ಗಳಿಸಿದವನು. ಈಗ ಕೀಲಿಯ ಕಾರ್ಯಾಗಾರವನ್ನು ಬಾಡಿಗೆಗೆ ಹಿಡಿದು, ಎಂಜಿನಿಯರುಗಳನ್ನೂ ಪತ್ರಿಕೆಯವರನ್ನೂ ಕರೆದು, ಅದರ ನೆಲವನ್ನು ಅಗೆಸಿದನು. ಕೆಳಗೆ ಸುಮಾರು 3 ಟನ್ ತೂಕದ ಲೋಹದ ಗೋಳವೊಂದು ದೊರೆಯಿತು. ಒತ್ತಿ ತುಂಬಿದ ಗಾಳಿಯನ್ನು ಹಿಡಿದಿಡಲು ಅದು ತಕ್ಕದ್ದಾಗಿತ್ತು. ಗೋಡೆ ಮತ್ತು ನೆಲಗಳಲ್ಲಿ ಸಣ್ಣ ಹಿತ್ತಾಳೆಯ ನಳಿಗೆಗಳು ಹುದುಗಿದ್ದವು.

ಲಂಡನ್ನಿನಲ್ಲಿದ್ದ ಕ್ಲಾರಾ 1899ರ ಜನವರಿಯ ಮೊದಲ ವಾರದಲ್ಲಿಯೇ ಕಣ್ಣುಮುಚ್ಚಿದ್ದಳು. ಮಗನು ಅಗೆದು ತೆಗೆದುದರ ವರದಿ ಫಿಲಡೆಲ್ಫಿಯಾದ ಪತ್ರಿಕೆಗಳಲ್ಲಿ ಅಚ್ಚಾದದ್ದು ಅದಾದ ಮೇಲೆ.